ಅಂಗಳದ ಜೇಕು, ಹೊಲದ ಜೇಕು

ಜೇಕು ಎಂದೊಡನೆ ಹೊಲದೊಡೆಯರಿಗೆ ನೆನಪಾಗುವುದು ಕಳೆಯೇ ಹೊರತು ಅಲಂಕಾರವಲ್ಲ. ಕೊನ್ನಾರಿ ಗಡ್ಡೆಯ ಕಾಟವನ್ನು ಅನುಭವಿಸಿದವರಿಗೆ ಇದು ಸಹಜವೇ. ಆದರೂ ಆ ಕುಲದ ಸಸ್ಯಗಳೆಲ್ಲವೂ ನಿಂದ್ಯವಲ್ಲ. ಪ್ರಾಚೀನ ಈಜಿಪ್ಟಿನವರು ಬರೆಯುವ ಹಾಳೆಗೆ ಬಳಸಿದ ಪಪೈರಸ್ ಈ ಕುಲದ್ದು. ವೈದ್ಯರ ಭದ್ರಮುಷ್ಟಿಯು ಕೊನ್ನಾರಿಯ ಗಡ್ಡೆಯೇ. ಉದ್ಯಾನಗಳಲ್ಲಿ ಬೆಳೆಸುವ ಕೊಡೆಯಾಕಾರದ ಜೇಕೂ ಇವುಗಳ ಬಂಧುವೇ. ಯಾವುದನ್ನು ಎಲ್ಲಿ ಇಡಬೇಕೆಂಬುದೇ ವಿಚಾರಾರ್ಹವಾದ ಸಂಗತಿ.

ನಾರಾಯಣಪುರದ ಬಳಿ ಕೃಷ್ಣಾ ನದಿಗೆ ಕಟ್ಟಿ ೧೯೮೨ರಲ್ಲಿ ಮುಗಿಸಿದ ಬಸವಸಾಗರದಿಂದ ಸುರಪುರ, ಶಹಾಪುರ ಸೀಮೆಯ ಎರೆಭೂಮಿಗೆ ಕಾಲುವೆಯ ನೀರು ಒದಗಿತು. ನೀರಿನ ಜೊತೆಗೆ, ಅದನ್ನು ಮಿತಿಮೀರಿ ಹಾಯಿಸಿದ ಕಡೆಗಳಲ್ಲಿ ಸವಳು ಜವಳುಗಳೂ ಕಾಣಿಸಿಕೊಂಡವು. ನೀರು ಬಂದ ಊರುಗಳಲ್ಲಿ ಬಚ್ಚಲ ನೀರು ಓಣಿಗೆ ಹರಿದು ಕೆಸರಾಗುವುದನ್ನು ಇನ್ನೂ ಕಾಣಬಹುದು. ಈ ನೀರಿಗೆ ಕೊಡೆ ಜೇಕಿನ ಮಡಿಯೊಂದನ್ನು ಹಿತ್ತಲಲ್ಲಿ ಏರ್ಪಡಿಸುವುದು ಸುಲಭವೂ ಶೋಭಾಯಮಾನವೂ ಆದ ಉಪಾಯವು.

ಎರಡು ಅಡಿ ಆಳದ ಗುಂಡಿಯನ್ನು ತೋಡಿ, ತಳಕ್ಕೂ ಪಕ್ಕಗಳಿಗೂ ಕಲ್ಲು ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಜಲ್ಲಿಯನ್ನು ತುಂಬತಕ್ಕದ್ದು. ನೀರು ಜಲ್ಲಿಯ ಮಟ್ಟಕ್ಕಿಂತ ಕೆಳಗೇ ನಿಂತರೆ ಸೊಳ್ಳೆಗಳಿಗೆ ಆಸ್ಪದವಿರದು. ಹಳೆಯ ಬುಡವನ್ನು ಸೀಳಿ ನೆಡಬಹುದು. ಅಥವಾ ಎರಡು ಅಂಗುಲ ಕಾಂಡವನ್ನು ಉಳಿಸಿ ಕೊಡೆಯನ್ನು ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ, ತಲೆಕೆಳಗಾಗಿ ನೀರಿನಲ್ಲಿಟ್ಟರೆ ಕೆಲವೇ ವಾರಗಳಲ್ಲಿ ಬೇರೊಡೆಯುವುದು. ಈ ಸೀಮೆಯ ಬೇಸಗೆಯಲ್ಲಿ ಮಧ್ಯಾಹ್ನದ ನೆರಳು ಅವಶ್ಯಕ, ಬುಡ ಒಣಗಲಾಗದು. ಒಣಗಿದ ಕಾಂಡಗಳನ್ನು ಬುಡಕ್ಕೆ ಕೊಯ್ದು, ಎರಡು ಮೂರು ವರ್ಷಗಳಿಗೊಮ್ಮೆ ಬುಡವನ್ನು ಬೇರ್ಪಡಿಸತಕ್ಕದ್ದು. ಮಡಿಯಿಂದ ಹೊರಬರುವ ನೀರು ಬಾಳೆಗೆ ಸಲ್ಲಲಿ.

ಆದರೆ ಒಂದು ಕಟ್ಟುನಿಟ್ಟು ಅಗತ್ಯ. ಈ ಗಿಡವು ಬೀಜದಿಂದಲೂ ಬುಡದಿಂದಲೂ ಹಬ್ಬುವಂಥದು. ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಉದ್ಯಾನದಿಂದ ತಪ್ಪಿಸಿಕೊಂಡು ಹಳ್ಳಗಳಲ್ಲಿ ಬೇರೂರಿದೆ. ಆದುದರಿಂದ ಹೂವು ಬಲಿಯುವ ಮೊದಲೇ ಕೊಡೆಗಳನ್ನು ಕತ್ತರಿಸತಕ್ಕದ್ದು. ಕಿತ್ತ ಬುಡಗಳನ್ನು ಕಾಲುವೆಗೆ ಎಸೆಯದೆ ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸತಕ್ಕದ್ದು. ಕಳೆ ತುಂಬಿದ ಕಾಲುವೆಯಲ್ಲಿ ನೀರಿನ ವೇಗ ಕುಂದುವುದು; ನಷ್ಟವು ಮೇಲಿನ ಹೊಲದವನಿಗಲ್ಲ, ತುದಿಯ ಹೊಲದವನಿಗೆ. ಒಬ್ಬನ ಅಂಗಳದ ಸೊಬಗು ಇನ್ನೊಬ್ಬನ ಬೆಳೆಯನ್ನು ಒಣಗಿಸಬಾರದು.

ಹೊಲದ ಜೇಕಿನ ವಿಚಾರವೇ ಬೇರೆ. ಕೊನ್ನಾರಿಯ ಮೇಲಿನ ಎಲೆಯನ್ನು ಕಿತ್ತರೆ ಸಾಲದು. ಸರಪಳಿಯಂತೆ ಹೆಣೆದ ಗಡ್ಡೆಗಳು ನೆಲದಲ್ಲಿ ಉಳಿದು ಮತ್ತೆ ಚಿಗುರುವುವು. ಹೊಲದ ಮಣ್ಣನ್ನು ಹೂಕುಂಡಕ್ಕೆ ತರುವವರು ಗಡ್ಡೆಗಳನ್ನು ಆರಿಸಿ ತೆಗೆಯಬೇಕು. ಇದಕ್ಕಿಂತ ಮುಖ್ಯವಾದುದೆಂದರೆ, ಹಿಂದೆ ಜೋಳ ಬೆಳೆದ ಎರೆಹೊಲದಲ್ಲಿ ಇಂದು ನೀರುಜೇಕು ದಟ್ಟವಾಗಿ ಎದ್ದಿದ್ದರೆ ಅದು ನೆಲ ಕೊಡುವ ಎಚ್ಚರಿಕೆ. ಅಲ್ಲಿ ಕಳೆನಾಶಕವನ್ನು ಸುರಿಯುವ ಮೊದಲು ಹಾಯಿಸುವ ನೀರನ್ನು ತಗ್ಗಿಸಿ, ನೀರು ಹೊರಹೋಗಲು ಬಸಿಗಾಲುವೆಯನ್ನು ತೋಡುವುದೇ ಉಚಿತ.

ಬಸಿಗಾಲುವೆಯು ಒಬ್ಬರ ಹೊಲದಲ್ಲಿ ಮುಗಿಯುವುದಲ್ಲ; ನೆರೆಯವರ ಒಪ್ಪಿಗೆಯಿಲ್ಲದೆ ಅದು ಹಳ್ಳವನ್ನು ಸೇರದು. ಈ ಒಪ್ಪಿಗೆಯನ್ನು ದೊರಕಿಸುವ ಕಾರ್ಯವು ಊರ ಮುಖಂಡರದೇ. ಅಂಗಳದಲ್ಲಿ ಜೇಕನ್ನು ಮಿತಿಯೊಳಗಿಟ್ಟು ಬೆಳೆಸಿದ ಮನೆಯವರು, ಹೊಲದಲ್ಲಿ ನೀರನ್ನೂ ಮಿತಿಯೊಳಗಿಡುವರೆಂದು ಆಶಿಸುವುದು ಅನುಚಿತವಾಗದು.