ಹೆಣ್ಣುಮಕ್ಕಳಿಗೆ ಆಕಾಶದ ಪರಿಚಯವಾಗಬೇಕು

ಆಕಾಶದ ವಿಷಯವಾಗಿ ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮೊದಲು ದೊರೆಯುವ ಪಾಠವು ಭಯದ ಪಾಠವೇ ಆಗಿದೆ. ಗ್ರಹಣದ ದಿನ ಬಸುರಿಯಾದ ಸೊಸೆಯನ್ನು ಕತ್ತಲೆಯ ಕೋಣೆಯಲ್ಲಿ ಕೂರಿಸುವರು. ಅವಳು ಸೂಜಿ ಕತ್ತರಿಗಳನ್ನು ಮುಟ್ಟಕೂಡದು, ಬಾಯಾರಿದರೂ ನೀರು ಕುಡಿಯಕೂಡದು. ಜಾತಕದಲ್ಲಿ ಕುಜದೋಷವಿದ್ದರೆ ಗಂಡಿನ ಮದುವೆ ಹೇಗೋ ನಡೆದುಹೋಗುತ್ತದೆ, ಹೆಣ್ಣಿನದು ನಿಂತುಹೋಗುತ್ತದೆ. ಹೀಗೆ ಆಕಾಶದ ಭಾರವು ಹೆಣ್ಣಿನ ತಲೆಯ ಮೇಲೆಯೇ ಹೆಚ್ಚಾಗಿ ಬೀಳುತ್ತಿರುವುದರಿಂದ, ಆಕಾಶವೆಂದರೇನೆಂಬುದನ್ನು ತಿಳಿಯುವ ಅಗತ್ಯವೂ ಅವಳಿಗೇ ಹೆಚ್ಚಾಗಿದೆಯೆಂದು ನಾವು ಹೇಳುತ್ತೇವೆ.

ಗ್ರಹಣವೆಂಬುದು ನೆರಳಿನ ಸಂಗತಿ. ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರನು ಬಂದರೆ ಸೂರ್ಯಗ್ರಹಣ. ಭೂಮಿಯ ನೆರಳಿನೊಳಕ್ಕೆ ಚಂದ್ರನು ಹೊಕ್ಕರೆ ಚಂದ್ರಗ್ರಹಣ. ಇದು ಪರದೇಶದಿಂದ ತಂದ ಮಾತಲ್ಲ. ಕ್ರಿ. ಶ. 499ರ ಸುಮಾರಿನಲ್ಲಿಯೇ ಆರ್ಯಭಟನು ಇದನ್ನು ಬರೆದಿಟ್ಟಿದ್ದಾನೆ. ಹಾಗಿದ್ದರೂ 1980ರ ಫೆಬ್ರವರಿ 16ರಂದು ಅಂಕೋಲೆಯ ಕಡಲತೀರದಿಂದ ರಾಯಚೂರಿನ ಸೀಮೆಯವರೆಗೆ ಪೂರ್ಣಗ್ರಹಣವು ಹಾದುಹೋದಾಗ ಬೀದಿಗಳು ಬರಿದಾಗಿದ್ದವು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿಯೂ ಕೊಡಗಿನ ಕುಟ್ಟದಲ್ಲಿಯೂ ಜನರು ಕಂಕಣಗ್ರಹಣವನ್ನು ನೋಡಿ ಹಿಗ್ಗುತ್ತಿರುವಾಗಲೇ, ಕಲಬುರಗಿಯ ಬಳಿಯಲ್ಲಿ ಅಂಗವಿಕಲ ಮಕ್ಕಳನ್ನು ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಆ ತಾಯಂದಿರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತಿಳಿವಳಿಕೆಯನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ.

ಬರಿಗಣ್ಣಿನಿಂದ ಸೂರ್ಯನನ್ನು ದಿಟ್ಟಿಸುವುದು ಗ್ರಹಣದ ದಿನವೂ ಉಳಿದ ದಿನಗಳಲ್ಲಿಯೂ ಕಣ್ಣಿಗೆ ಕೇಡೆಂಬುದು ನಿಜ. ಆದರೆ ಅದಕ್ಕಾಗಿ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ. ಹೊಂಗೆಯ ಮರದ ಕೆಳಗೆ ಎಲೆಗಳ ಸಂದಿನಿಂದ ನೆಲಕ್ಕೆ ಬೀಳುವ ಬೆಳಕಿನ ಚುಕ್ಕೆಗಳು ಅಂದು ಬಿದಿಗೆಯ ಚಂದ್ರನಂತೆ ಬಾಗಿರುತ್ತವೆ. ಅಡಿಗೆಮನೆಯ ಜರಡಿಯನ್ನು ಹಿಡಿದರೂ ಅದೇ ಆಕಾರವು ನೆಲದ ಮೇಲೆ ಕಾಣುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ಎಷ್ಟು ಹೊತ್ತು ಬೇಕಾದರೂ ಇದನ್ನು ನೋಡಬಹುದು.

ಇನ್ನು ಕುಜನ ವಿಚಾರ. ಮಂಗಳಗ್ರಹವು ಸುಮಾರು 4,200 ಮೈಲಿ ಅಡ್ಡಳತೆಯ, ಅಂದರೆ ನಮ್ಮ ಭೂಮಿಯ ಅರ್ಧದಷ್ಟು ಅಗಲದ ಒಂದು ಗೋಳ. ಅಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ತುಕ್ಕು ಬೆರೆತಿರುವುದರಿಂದ ಅದು ಕೆಂಪಾಗಿದೆ. ಅದಕ್ಕೆ ಎರಡು ಪುಟ್ಟ ಚಂದ್ರರುಂಟು; 1877ರಲ್ಲಿ ಅವುಗಳನ್ನು ಹುಡುಕುತ್ತ ಬೇಸತ್ತಿದ್ದ ಅಮೆರಿಕದ ಆಸಫ್ ಹಾಲ್‌ನನ್ನು ಮತ್ತೆ ದೂರದರ್ಶಕದ ಬಳಿಗೆ ಕಳುಹಿಸಿದವಳು ಅವನ ಹೆಂಡತಿ ಆಂಜಲೀನಳು. 2014ರ ಸೆಪ್ಟೆಂಬರ್ 24ರಂದು ನಮ್ಮ ದೇಶದ ನೌಕೆಯೇ ಅದರ ಸುತ್ತಿನ ಕಕ್ಷೆಯನ್ನು ಸೇರಿ ಚಿತ್ರಗಳನ್ನು ಕಳುಹಿಸಿತು. ನಮ್ಮ ಮಗಳ ಕಂಕಣಬಲವನ್ನು ಕುರಿತು ಆ ತುಕ್ಕಿನ ಮಣ್ಣು ಏನು ಹೇಳಬಲ್ಲುದು? ಹಾಸನದ ಎಂ.ಸಿ.ಎಫ್. ಕೇಂದ್ರವು 1980ರ ದಶಕದಿಂದ 22,300 ಮೈಲಿ ಮೇಲಿರುವ ಉಪಗ್ರಹಗಳನ್ನು ಅಂಕೆಯಲ್ಲಿಟ್ಟುಕೊಂಡಿದೆ. ಚಂದ್ರನನ್ನು ಭೂಮಿಗೆ ಕಟ್ಟಿಹಾಕಿರುವ ಗುರುತ್ವಾಕರ್ಷಣೆಯೇ ಆ ಉಪಗ್ರಹಗಳನ್ನೂ ಕಟ್ಟಿಹಾಕಿದೆ. ಅಂತಹ ಕೇಂದ್ರದ ನೆರೆಯಲ್ಲಿರುವ ನಾವು ಕುಜನಿಗೆ ಹೆದರಿ ಹೆಣ್ಣಿನ ಬಾಳನ್ನು ತಡೆಯುವುದು ಶೋಭಿಸದು.

ನಮ್ಮ ದಂಡಿಗನಹಳ್ಳಿಯ ಹೋಬಳಿಯು ಭೂಮಧ್ಯರೇಖೆಗೆ ಉತ್ತರದಲ್ಲಿ ಸುಮಾರು 13 ಅಂಶಗಳಷ್ಟು ದೂರದಲ್ಲಿದೆ. ಆದುದರಿಂದ ಉತ್ತರದಲ್ಲಿ ಧ್ರುವನಕ್ಷತ್ರವೂ, ವೈಶಾಖದ ರಾತ್ರಿಗಳಲ್ಲಿ ದಕ್ಷಿಣದ ಅಂಚಿನಲ್ಲಿ ತ್ರಿಶಂಕುವೂ ನಮ್ಮ ಅಂಗಳಗಳಿಂದಲೇ ಕಾಣುತ್ತವೆ. ಲಂಡನ್ನಿನ ಜನರಿಗೆ ಊರಿನಲ್ಲಿ ತ್ರಿಶಂಕುವಿನ ದರ್ಶನವೇ ಇಲ್ಲ. ತ್ರಿಶಂಕುವಿನ ಪೂರ್ವಕ್ಕೆ ಹೊಳೆಯುವ ಕಿನ್ನರದ ದೊಡ್ಡ ನಕ್ಷತ್ರದ ಬೆಳಕು ನಮ್ಮನ್ನು ಮುಟ್ಟಲು ನಾಲ್ಕು ವರ್ಷಗಳಿಗೂ ಮಿಕ್ಕಿ ಬೇಕು. ಎಂಟನೆಯ ತರಗತಿಯ ಬಾಲಕಿಯು ಇಂದು ನೋಡುವ ಬೆಳಕು, ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಅಲ್ಲಿಂದ ಹೊರಟದ್ದು. ಕಾರ್ತಿಕದ ಕತ್ತಲೆಯಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ಮಂಜಿನ ಚೂರಿನಂತೆ ತೋರುವ ದೇವಯಾನಿಯ ಬೆಳಕಾದರೋ ಸುಮಾರು 25 ಲಕ್ಷ ವರ್ಷಗಳ ಹಳೆಯದು. ಅಷ್ಟು ದೂರವನ್ನು ಅಳೆಯುವ ದಾರಿಯನ್ನು ತೆರೆದವಳು ಒಬ್ಬ ಹೆಂಗಸು. ಕಿವಿ ಮಂದವಾಗಿದ್ದ ಹೆನ್ರಿಯೆಟಾ ಲೆವಿಟ್ ಎಂಬಾಕೆಯು ಹಾರ್ವರ್ಡಿನಲ್ಲಿ ಛಾಯಾಚಿತ್ರಗಳ ಗಾಜಿನ ಫಲಕಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ, ಕೆಲವು ನಕ್ಷತ್ರಗಳ ಮಿನುಗಿನ ಅವಧಿಗೂ ಅವುಗಳ ನಿಜವಾದ ಕಾಂತಿಗೂ ಇರುವ ಸಂಬಂಧವನ್ನು 1912ರಲ್ಲಿ ಪ್ರಕಟಿಸಿದಳು.

ರಾತ್ರಿ ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸುವುದೆಂತು ಎಂದು ತಂದೆತಾಯಿಗಳು ಕೇಳಬಹುದು. ಕಳುಹಿಸಬೇಕೆಂದು ನಾವು ಹೇಳುವುದಿಲ್ಲ. ನೀವೇ ಜೊತೆಗೂಡಿ ಅಂಗಳಕ್ಕೋ ಮಾಳಿಗೆಗೋ ಹೋಗಿರಿ. ಖರ್ಚಿನ ಮಾತೂ ದೊಡ್ಡದಲ್ಲ. ಸಾಧಾರಣವಾದ ಒಂದು ಬೈನಾಕ್ಯುಲರ್ ಅನ್ನು ಅಲುಗದಂತೆ ಹಿಡಿದರೆ, ಗೆಲಿಲಿಯೋ 1610ರಲ್ಲಿ ಕಂಡ ಗುರುವಿನ ನಾಲ್ಕು ಚಂದ್ರರು ಕಾಣುವರು. ಮಗಳು ಭೌತವಿಜ್ಞಾನವನ್ನೂ ಗಣಿತವನ್ನೂ ಓದುತ್ತೇನೆಂದರೆ ಹೆಣ್ಣಿಗೇಕೆಂದು ಹಿಂಜರಿಯಬೇಡಿರಿ. 2019ರ ಚಂದ್ರಯಾನ-2ರ ಹೊಣೆಯನ್ನು ಹೊತ್ತವರು ಎಂ. ವನಿತಾ ಮತ್ತು ರಿತು ಕರಿಧಾಲ್. 2023ರಲ್ಲಿ ಸೂರ್ಯನ ಅಧ್ಯಯನಕ್ಕೆ ಹೊರಟ ಆದಿತ್ಯ-ಎಲ್1ರ ಯೋಜನಾ ನಿರ್ದೇಶಕಿ ನಿಗಾರ್ ಶಾಜಿ.

ಈ ಶಾಲೆಯಲ್ಲಿ ಓದಿ ಈಗ ತಾಯಂದಿರೂ ಅಜ್ಜಿಯರೂ ಆಗಿರುವ ಸೋದರಿಯರಲ್ಲಿ ನಮ್ಮ ವಿಜ್ಞಾಪನೆಯೊಂದುಂಟು. 2031ರ ಮೇ 21ರಂದು ಕೇರಳ, ತಮಿಳುನಾಡುಗಳ ಮೇಲೆ ಕಂಕಣಗ್ರಹಣವು ಹಾದುಹೋಗುವುದು. ನಮ್ಮಲ್ಲಿ ಸೂರ್ಯನು ಭಾಗಶಃ ಮರೆಯಾಗುವನು. ಅಂದು ನಿಮ್ಮ ಮನೆಯ ಹೆಣ್ಣುಮಕ್ಕಳು, ಬಸುರಿಯಾದ ಸೊಸೆಯೂ ಸಹ, ಹೊಟ್ಟೆತುಂಬ ಉಂಡು, ಜರಡಿಯನ್ನು ಹಿಡಿದು, ಹೊಂಗೆಯ ನೆರಳಿನಲ್ಲಿ ನಿಂತಿರಲಿ.