ನೆಗಡಿಯೂ ಜನಪ್ರತಿನಿಧಿಯೂ

ಶಾಸಕರನ್ನು ನೆಗಡಿ-ಜ್ವರಗಳಿಗೆ ಹೋಲಿಸಿ ನಗುವುದು ಸುಲಭ. ಆದರೆ ಆ ಹೋಲಿಕೆ ನ್ಯಾಯವೇ? ನೆಗಡಿಯ ವೈರಾಣು ಕರೆಯದೆ ಬರುತ್ತದೆ, ಕೆಲವೇ ದಿನಗಳಲ್ಲಿ ತಾನಾಗಿ ತೊಲಗುತ್ತದೆ. ಶಾಸಕರಾದರೋ ನಮ್ಮ ಮತದಿಂದಲೇ ಬರುತ್ತಾರೆ. ನಾವು ಕಳುಹಿಸದೆ ಹೋಗುವುದಿಲ್ಲ.

ಅಮೆರಿಕವನ್ನು ನೋಡಿ. 2013ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಂಸತ್ತಿನ ಜಗಳದಿಂದ ಹಲವು ಸರ್ಕಾರಿ ಕಚೇರಿಗಳು 16 ದಿನ ಮುಚ್ಚಿದವು. ಮರುತಿಂಗಳ ಗ್ಯಾಲಪ್ ಸಮೀಕ್ಷೆಯಲ್ಲಿ ಸಂಸತ್ತನ್ನು ಮೆಚ್ಚಿದವರು ಶೇಕಡ 9 ಮಾತ್ರ. ಆದರೂ 2014ರಲ್ಲಿ ಮರಳಿ ಸ್ಪರ್ಧಿಸಿದ ಕೆಳಮನೆಯ ಸದಸ್ಯರಲ್ಲಿ ಶೇಕಡ 90ಕ್ಕೂ ಹೆಚ್ಚು ಮಂದಿ ಗೆದ್ದರು. ಅರ್ಹ ಮತದಾರರಲ್ಲಿ ಅರ್ಧದಷ್ಟು ಜನರೂ ಮತ ನೀಡಲಿಲ್ಲ.

ಶಾಸಕರನ್ನು ರೋಗವೆಂದೊಡನೆ ನಾವು ನಿರಪರಾಧಿ ರೋಗಿಗಳಾಗಿಬಿಡುತ್ತೇವೆ. ಆ ಹಾಸ್ಯದ ವಂಚನೆ ಇದೇ. ನೆಗಡಿಗೆ ಲಸಿಕೆಯಿಲ್ಲ, ಕೆಟ್ಟ ಪ್ರತಿನಿಧಿಗೆ ಮದ್ದು ನಮ್ಮ ಕೈಯಲ್ಲೇ ಇದೆ. ಮದ್ದನ್ನು ಮುಟ್ಟದೆ ರೋಗವನ್ನು ಶಪಿಸುವುದು ವಿವೇಕವಲ್ಲ.