ಆಟದ ಬರೆಹವೂ ಸಾಹಿತ್ಯವೆ

"ಆಟವಾಡಿ ಹೊತ್ತು ಕಳೆಯುವುದೇ ಒಂದು ದೋಷ, ಆಡಿದ ಆಟವನ್ನು ಕುರಿತು ಬರೆಯುತ್ತ ಕೂಡುವುದು ಎರಡನೆಯ ದೋಷ" ಎಂಬ ಮಾತನ್ನು ಕಲಬುರಗಿಯ ವಿದ್ಯಾವಂತರ ಮನೆಗಳಲ್ಲಿ ಆಗಾಗ ಕೇಳುತ್ತೇವೆ. ಮಗನೊಬ್ಬನು ಪಗಡೆಯ ಹಾಸನ್ನೋ, ಪರದೇಶದಿಂದ ಬಂದ ಮೇಜಿನಾಟವೊಂದನ್ನೋ ಮುಂದಿಟ್ಟುಕೊಂಡು ಅದರ ನಿಯಮಗಳನ್ನು ಟಿಪ್ಪಣಿ ಮಾಡತೊಡಗಿದರೆ ತಂದೆಯು ಹುಬ್ಬು ಗಂಟಿಕ್ಕುತ್ತಾನೆ. ಅದೇ ಮಗನು ತನಗೆ ಅರ್ಥವಾಗದ ಪದ್ಯವನ್ನು ನಕಲು ಮಾಡುತ್ತಿದ್ದರೆ, ಸಾಹಿತ್ಯಾಸಕ್ತಿಯೆಂದು ನೆರೆಯವರನ್ನು ಕರೆದು ತೋರಿಸುತ್ತಾನೆ. ಈ ನ್ಯಾಯವು ನ್ಯಾಯವಲ್ಲವೆಂದು ಹೇಳುವುದಕ್ಕಾಗಿಯೇ ನಾನು ಲೇಖನಿಯನ್ನು ಹಿಡಿದಿದ್ದೇನೆ.

ಮೊದಲು ನಮ್ಮ ನೆಲದ ಸಾಕ್ಷ್ಯವನ್ನೇ ಕೇಳೋಣ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಕಮಲಾಪುರವನ್ನು ದಾಟಿ ನಡೆದವನಿಗೆ ಕಲ್ಯಾಣವು ದೂರವಲ್ಲ. ಆ ಕಲ್ಯಾಣದಲ್ಲಿ ಕುಳಿತು ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ರಾಜ್ಯವನ್ನು ಪಡೆಯುವ, ಪಡೆದುದನ್ನು ಉಳಿಸಿಕೊಳ್ಳುವ ಬಗೆಗಳನ್ನು ವಿವರಿಸಿದ ಅರಸನು, ಕೊನೆಯ ವಿಂಶತಿಯನ್ನು ಸಂಪೂರ್ಣವಾಗಿ ಕ್ರೀಡೆಗಳಿಗೇ ಮೀಸಲಿಟ್ಟನು. ಚತುರಂಗ, ಪಗಡೆ, ಕವಡೆಯಾಟ—ಇವು ಅವನಿಗೆ ಅಲ್ಪವೆನಿಸಲಿಲ್ಲ. ಏಳು ಶತಮಾನಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಮಣೆಯಾಟಗಳನ್ನು ಅಷ್ಟೇ ಆದರದಿಂದ ಸಂಗ್ರಹಿಸಿದರು. ಇಬ್ಬರು ದೊರೆಗಳಿಗೆ ಕುಂದೆನಿಸದ ಕಾರ್ಯವು ನಮಗೆ ಮಾತ್ರ ಹೇಗೆ ಕುಂದಾಯಿತು?

"ಆಟವು ಜೂಜಿಗೆ ಬಾಗಿಲು, ಧರ್ಮರಾಯನ ಗತಿಯನ್ನು ಮರೆತಿರಾ?" ಎಂದು ಕೆಲವರು ಕೇಳುವರು. ಮರೆತಿಲ್ಲ. ಆದರೆ ಧರ್ಮರಾಯನನ್ನು ಕಾಡಿಗಟ್ಟಿದುದು ಹಾಸಲ್ಲ, ಪಣ. ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಹಣವೊಡ್ಡಿ ಆಡುವ ಜಾಲಕ್ರೀಡೆಗಳನ್ನು ನಿಷೇಧಿಸಿದಾಗಲೂ ಹಣವಿಲ್ಲದ ಆಟಗಳನ್ನು ಬೇರೆಯಾಗಿಯೇ ಎಣಿಸಿತು. ಶಾಸನಕರ್ತರಿಗೆ ತಿಳಿದ ಈ ಭೇದವು ಮನೆಯ ಯಜಮಾನನಿಗೆ ತಿಳಿಯಬಾರದೆ? ಜೂಜನ್ನು ದ್ವೇಷಿಸುವವನು ಮಕ್ಕಳ ಕೈಗೆ ಪಣವಿಲ್ಲದ ಆಟವನ್ನು ಕೊಡಬೇಕೇ ಹೊರತು, ಆಟದ ಹೆಸರನ್ನೇ ಮನೆಯಿಂದ ಹೊರಗಟ್ಟಬಾರದು.

"ಈ ಆಟಗಳು ನಮ್ಮ ಹೆಂಗಸರಿಗೆಲ್ಲ ಬಾಯಿಪಾಠ, ಬರೆದಿಡುವುದೇತಕ್ಕೆ?" ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರವನ್ನು ನಾನು ಕಮಲಾಪುರದ ಬಂಧುಗಳ ಮನೆಯೊಂದರಲ್ಲಿ ಕಂಡೆನು. ಪಂಚಮಿಗೆಂದು ನೆರೆದಿದ್ದವರು ಪಡಸಾಲೆಯಲ್ಲಿ ಸೀಮೆಸುಣ್ಣದಿಂದ ಐದೈದು ಮನೆಗಳ ಚೌಕವನ್ನು ಬರೆದು, ನಾಲ್ಕು ಕವಡೆಗಳನ್ನು ಹಿಡಿದು ಚೌಕಾಬಾರಕ್ಕೆ ಕುಳಿತರು. "ಒಂದು ಕಾಯಿ ಹೊಡೀಲಾರದೆ ಒಳಮನಿಗಿ ಹೋಗ್ಲಿಕ್ಕಿ ಬರಲ್ಲ, ತಂಗಿ" ಎಂದು ಅತ್ತೆಯು ಹೇಳಿದಳು. ಕಲಬುರಗಿಯಿಂದ ಬಂದ ಸೊಸೆಯು, "ನಮ್ಮ ತವರಾಗ ಹಂಗೇನಿಲ್ರಿ, ಅತ್ತಿ" ಎಂದಳು. ಕಟ್ಟೆಯಲ್ಲಿ ಕುಳಿತ ಕಾಯಿಯನ್ನು ಹೊಡೆಯಬಾರದೆಂಬುದರಲ್ಲಿ ಒಮ್ಮತವಿತ್ತು. ಜೋಡಿಕಾಯಿಯ ವಿಷಯದಲ್ಲಿ ಮತ್ತೆ ವಿವಾದ. ಕೊನೆಗೆ ಎಲ್ಲರೂ ಏಕಸ್ವರದಿಂದ, "ಆಯಿ ಇದ್ದಿದ್ದರ ಹೇಳ್ತಿದ್ದಳು" ಎಂದರು. ಆಯಿಯು ತೀರಿಕೊಂಡು ಎರಡು ವರ್ಷಗಳಾಗಿದ್ದವು. ಆಕೆಯ ಒಡವೆಗಳನ್ನು ಮೂವರು ಸೊಸೆಯಂದಿರು ಪಟ್ಟಿಮಾಡಿ ಹಂಚಿಕೊಂಡಿದ್ದರು. ಆಕೆಯ ಆಟದ ನಿಯಮಗಳನ್ನು ಒಬ್ಬರೂ ಬರೆದುಕೊಂಡಿರಲಿಲ್ಲ. ಅರ್ಧಕ್ಕೆ ನಿಂತ ಆ ಆಟವನ್ನು ಸಂಜೆಯೊಳಗೆ ಮಕ್ಕಳು ತುಳಿದಳಿಸಿಬಿಟ್ಟರು. ಬಾಯಿಪಾಠದ ಬಾಳು ಇಷ್ಟೇ.

ಅದೇ ಕಮಲಾಪುರದ ಕೆಂಪುಬಾಳೆಯನ್ನು ನೋಡಿರಿ. ಅದು ಈ ಮಣ್ಣಿನದೇ ಹಣ್ಣೆಂದು ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆ ದೊರೆತು, ನಾವೆಲ್ಲರೂ ಹೆಮ್ಮೆಪಟ್ಟೆವು, ಯುಕ್ತವೇ. ಹಣ್ಣಿನ ಗುಣವನ್ನು ಬರೆಹಕ್ಕಿಳಿಸಿದುದರಿಂದ ಅಲ್ಲವೆ ಆ ಮನ್ನಣೆ ಬಂದುದು? ಅದೇ ಊರಿನ ಅಂಗಳಗಳಲ್ಲಿ ಹುಲಿ-ಕುರಿಯಾಟವನ್ನು ಹೇಗೆ ಆಡುತ್ತಾರೆ, ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಸೆಬೀಜಗಳನ್ನು ಎಷ್ಟೆಷ್ಟು ಹಾಕುತ್ತಾರೆ ಎಂದು ಕೇಳಿ ಬರೆದುಕೊಂಡವರೆಷ್ಟು ಮಂದಿ?

ನಾವು ಬರೆಯದೆ ಬಿಟ್ಟುದನ್ನು ಅನ್ಯರು ಬರೆದುಕೊಂಡರು. ನಮ್ಮ ಪಚ್ಚೀಸಿಯನ್ನು ಸರಳಗೊಳಿಸಿ, ೧೮೯೬ರಲ್ಲಿ ಇಂಗ್ಲೆಂಡಿನಲ್ಲಿ ಲೂಡೋ ಎಂಬ ಹೆಸರಿನಿಂದ ಹಕ್ಕುಪತ್ರ ಪಡೆದರು. ಪುಣ್ಯಪಾಪಗಳನ್ನು ಬೋಧಿಸುತ್ತಿದ್ದ ಪರಮಪದ ಸೋಪಾನಪಟವು ಅಲ್ಲಿ ಹಾವುಏಣಿಯಾಯಿತು. ಈಗ ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ನಮ್ಮ ಮಕ್ಕಳಿಗೆ ಅವನ್ನೇ ರಟ್ಟಿನ ಪೆಟ್ಟಿಗೆಯಲ್ಲಿ ಕೊಂಡುಕೊಡುತ್ತೇವೆ. ಒಳಗಿರುವ ನಿಯಮಪತ್ರವು ಕನ್ನಡದಲ್ಲಿಲ್ಲವೆಂದು ಗೊಣಗುವುದನ್ನೂ ಮರೆತಿದ್ದೇವೆ.

ಇನ್ನು ಮೂರನೆಯ ಆಕ್ಷೇಪ: ತರುಣರು ಮೆಚ್ಚುವ ಹೊಸ ಆಟಗಳು ವಿದೇಶೀಯವಾದುವು, ಅವುಗಳ ಚರ್ಚೆ ಕನ್ನಡಕ್ಕೆ ಬೇಡವೆಂಬುದು. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಮೂರು ಸಣ್ಣ ಹೊತ್ತಗೆಗಳಾಗಿ ಪ್ರಕಟಿಸಿದರು. ಮೊದಲ ಮುದ್ರಣ ಕೇವಲ ಒಂದು ಸಾವಿರ ಪ್ರತಿಗಳು. ಒಬ್ಬನು ಕಥೆಯ ಸೂತ್ರವನ್ನು ಹಿಡಿಯುವನು. ಉಳಿದವರು ಒಂದೊಂದು ಪಾತ್ರವನ್ನು ಧರಿಸಿ ಮಾತಿನಿಂದಲೇ ಕಥೆಯನ್ನು ನಡೆಸುವರು. ಸಂದೇಹಸ್ಥಾನದಲ್ಲಿ ದಾಳವು ನಿರ್ಣಯಿಸುವುದು. ಭಾಗವತನನ್ನೂ ವೇಷಗಾರರನ್ನೂ ಬಯಲಾಟದಲ್ಲಿ ಕಂಡ ನಮಗೆ ಇದು ಅಷ್ಟೊಂದು ಪರಕೀಯವೆ? ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಈ ಆಟವು ಯಾವ ವಿದ್ಯಾಪೀಠದಲ್ಲಿಯೂ ಹುಟ್ಟಲಿಲ್ಲ. ಯುದ್ಧದಾಟಗಳ ಹವ್ಯಾಸಿಗಳು ತಮ್ಮತಮ್ಮೊಳಗೆ ಕಳುಹಿಸಿಕೊಳ್ಳುತ್ತಿದ್ದ ಪುಟ್ಟ ಪತ್ರಿಕೆಗಳ ವಾದವಿವಾದಗಳ ನಡುವೆ ಬೆಳೆಯಿತು. ಮೊದಲು ಟಿಪ್ಪಣಿ, ಆಮೇಲೆ ಚರ್ಚೆ, ಅದರಿಂದ ಹೊಸ ಸೃಷ್ಟಿ. ನಮ್ಮ ತರುಣನ ಟಿಪ್ಪಣಿಪುಸ್ತಕವನ್ನು ಕಸಿದುಕೊಳ್ಳುವ ಹಿರಿಯರು ಯಾವುದನ್ನು ಕಸಿಯುತ್ತಿರುವರೆಂಬುದನ್ನು ಯೋಚಿಸಲಿ.

"ಇದಕ್ಕೆಲ್ಲ ಕನ್ನಡದಲ್ಲಿ ಪದಗಳೆಲ್ಲಿ?" ಎನ್ನುವವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಕಾಯಿ, ಮನೆ, ಕಟ್ಟೆ, ಗರ, ನಡೆ, ಪಟ, ಹಾಸು, ದಾಳ—ಇವು ಅಂಗಳದಲ್ಲಿ ಬಿದ್ದಿರುವ ಪದಗಳು. ಬಾಗಿ ಎತ್ತಿಕೊಳ್ಳುವವರು ಬೇಕು.

ಆಟದ ಹೆಸರಿನಲ್ಲಿ ಬರೆದುದೆಲ್ಲವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. ತಾನು ಗೆದ್ದ ಕಥೆಯನ್ನೇ ಹತ್ತು ಸಲ ಹೇಳುವವನ ಬರೆಹವು ಹತ್ತು ಸಲ ಬೇಸರವನ್ನೇ ತರುವುದು. ಯಾವ ಊರಿನಲ್ಲಿ, ಯಾರಿಂದ ಕಲಿತುದು, ಹುಲಿಗಳೆಷ್ಟು, ಕುರಿಗಳೆಷ್ಟು, ಎಲ್ಲಿ ಒಮ್ಮತ, ಎಲ್ಲಿ ವಿವಾದ—ಇಷ್ಟನ್ನು ನಿಷ್ಠೆಯಿಂದ ಹೇಳುವ ಎರಡು ಪುಟಗಳು ಸಾಕು. ನೇಪಾಳದ ಹುಲಿಯಾಟದಲ್ಲಿ ೪ ಹುಲಿಗಳು, ೨೦ ಆಡುಗಳು. ನಮ್ಮ ದಕ್ಷಿಣದ ತ್ರಿಕೋಣಪಟದಲ್ಲಿ ಸಾಮಾನ್ಯವಾಗಿ ೩ ಹುಲಿಗಳು, ೧೫ ಕುರಿಗಳು. ಇಂತಹ ಹೋಲಿಕೆ ಸಾಧ್ಯವಾದುದು ಯಾರೋ ಕೇಳಿ ಬರೆದಿಟ್ಟುದರಿಂದ.

ಆದುದರಿಂದ ವಾಚಕ ಮಹಾಶಯರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಮುಂದಿನ ಹಬ್ಬಕ್ಕೆ ಮನೆಯ ಹಿರಿಯಳನ್ನು ಕವಡೆಯೊಡನೆ ಕೂಡಿಸಿ, ಮಗನ ಕೈಗೆ ಲೇಖನಿಯನ್ನು ಕೊಡಿರಿ. ಆಕೆ ಹೇಳಿದುದನ್ನು ಅವನು ಬರೆಯಲಿ. ತಪ್ಪಿದಲ್ಲಿ ಆಕೆಯೇ ತಿದ್ದಲಿ. ಅಂತಹ ಬರೆಹಗಳಿಗೆ ನಮ್ಮಂತಹ ಸಂಘಗಳ ಪತ್ರಿಕೆಗಳು ತಿಂಗಳಿಗೆ ಎರಡು ಪುಟಗಳನ್ನು ಬಿಡಲಾರದಷ್ಟು ಬಡವಾಗಿಲ್ಲ. ಕಮಲಾಪುರದ ಆ ಮನೆಯಲ್ಲಿ ಆಟವು ಅರ್ಧಕ್ಕೆ ನಿಂತಿದೆ. ಎಷ್ಟು ಮನೆಗಳಲ್ಲಿ ಇನ್ನೂ ಪೂರ್ತಿ ನಿಂತಿಲ್ಲವೋ ಅಷ್ಟು ಮನೆಗಳಲ್ಲಾದರೂ ನಾವು ಬೇಗನೆ ಹೋಗಿ ಕೂಡಬೇಕು.